ಹೆಸರು ಉಳಿಯಿತು, ಬಳ್ಳಿ ಉಳಿದೀತೆ?

ದ್ರಾಕ್ಷಿ ಬಳ್ಳಿಯನ್ನು ಬೇರುಸಹಿತ ಕಿತ್ತುಹಾಕುವ ರೈತನಿಗೆ ಸರ್ಕಾರವೇ ಹಣ ನೀಡುತ್ತಿದೆ ಎಂದರೆ, ಅದು ವೈನ್‌ಗೆ ಹೆಸರಾದ ಫ್ರಾನ್ಸ್‌ನ ಸಂಗತಿ ಎಂದು ತಟ್ಟನೆ ನಂಬುವುದು ಕಷ್ಟ. ಆದರೆ ನಡೆದಿರುವುದು ಅದೇ. 2023ರಲ್ಲಿ ಬೋರ್ಡೋ ಪ್ರದೇಶದ ಸುಮಾರು 9,500 ಹೆಕ್ಟೇರ್ ತೋಟಗಳನ್ನು ತೆಗೆಸಲು 5.7 ಕೋಟಿ ಯೂರೊಗಳ ಯೋಜನೆ ರೂಪುಗೊಂಡಿತು. ಅದೇ ವರ್ಷ, ಮಾರಾಟವಾಗದೆ ಉಳಿದ ವೈನನ್ನು ಭಟ್ಟಿ ಇಳಿಸಿ ಸುಗಂಧದ್ರವ್ಯ, ಸ್ಯಾನಿಟೈಸರ್ ಮುಂತಾದವುಗಳ ತಯಾರಿಕೆಗೆ ಬೇಕಾದ ಆಲ್ಕೋಹಾಲ್ ಆಗಿಸಲು 20 ಕೋಟಿ ಯೂರೊ ಮೀಸಲಾಯಿತು. 2024ರ ಅಕ್ಟೋಬರ್‌ನಲ್ಲಿ ಐರೋಪ್ಯ ಆಯೋಗವು ಮತ್ತೆ 12 ಕೋಟಿ ಯೂರೊಗಳ ಯೋಜನೆಗೆ ಸಮ್ಮತಿ ಕೊಟ್ಟಿತು. ಕಿತ್ತ ಪ್ರತಿ ಹೆಕ್ಟೇರಿಗೆ 4,000 ಯೂರೊ, ಗರಿಷ್ಠ 30,000 ಹೆಕ್ಟೇರ್. ಅದೂ ಸಾಲದೆ 2025ರ ನವೆಂಬರ್‌ನಲ್ಲಿ ಫ್ರೆಂಚ್ ಕೃಷಿ ಸಚಿವೆ ಇನ್ನೂ 13 ಕೋಟಿ ಯೂರೊ ಪ್ರಕಟಿಸಿದರು.

ಮದ್ಯ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವ ಓದುಗರಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದೇ; ಫ್ರೆಂಚ್ ಸರ್ಕಾರವೇ 1991ರ ಎವಾಂ ಕಾಯ್ದೆಯ ಮೂಲಕ ಮದ್ಯದ ಜಾಹೀರಾತನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಿತು. ಆದರೆ ಇಲ್ಲಿ ನನ್ನ ಆಸಕ್ತಿ ಬಾಟಲಿಯಲ್ಲಿಲ್ಲ, ಅದರ ಹಿಂದಿರುವ ಸಣ್ಣ ಹಿಡುವಳಿದಾರನಲ್ಲಿದೆ. ತನ್ನ ಉತ್ಪನ್ನಕ್ಕೆ ಊರಿನ ಹೆಸರನ್ನೇ ಕಾನೂನಿನ ಕಾವಲಾಗಿ ಪಡೆದ ರೈತ ಅವನು. ಆ ಕಾವಲು ಈಗ ಅವನನ್ನು ಏಕೆ ಉಳಿಸುತ್ತಿಲ್ಲ?

1960ರ ದಶಕದಲ್ಲಿ ಫ್ರೆಂಚ್ ಪ್ರಜೆಯೊಬ್ಬ ವರ್ಷಕ್ಕೆ ಸರಾಸರಿ 120 ಲೀಟರಿನಷ್ಟು ವೈನ್ ಕುಡಿಯುತ್ತಿದ್ದ. ಈಗ ಅದು ಸುಮಾರು 40 ಲೀಟರಿಗೆ ಇಳಿದಿದೆ. ಇಳಿತದ ಬಹುಭಾಗ ಕೆಂಪು ವೈನಿನದು. ಬಿಳಿಯ ಬೇಡಿಕೆ ಅಷ್ಟಾಗಿ ಕುಸಿದಿಲ್ಲ. ಹಾಗಾದರೆ ಕೆಂಪು ಬಿಟ್ಟು ಬಿಳಿ ಬೆಳೆಯಬಾರದೇ? ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಇದು ಸುಲಭ. ತೋಟದಲ್ಲಿ ಹೊಸ ಬಳ್ಳಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಷ್ಟು ಕಾಲ ಸಾಲದ ಕಂತು ನಿಲ್ಲುವುದಿಲ್ಲ. ಜೊತೆಗೆ, ಯಾವ ಊರಿನಲ್ಲಿ ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ, ಕೆಂಪೋ ಬಿಳಿಯೋ ಎಂಬುದನ್ನೆಲ್ಲ ನಿಯಮವೇ ನಿಗದಿ ಮಾಡಿದೆ. ಬೋರ್ಡೋ ತೋಟಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಕೆಂಪು ವೈನಿನದು.

ಈ ನಿಯಮಗಳು ಅಧಿಕಾರಿಗಳ ಹಟದಿಂದ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತು. ವೈನಿನ ಕೊರತೆಯಲ್ಲಿ ಸಕ್ಕರೆ, ನೀರು ಬೆರೆಸಿದ ಕಲಬೆರಕೆ ವೈನ್ ವಿಜೃಂಭಿಸಿತು. ತೋಟಗಳು ಚೇತರಿಸಿಕೊಂಡ ಮೇಲೂ ಅದು ನಿಲ್ಲಲಿಲ್ಲ, ಬೆಲೆ ಕುಸಿಯಿತು. 1907ರಲ್ಲಿ ದಕ್ಷಿಣದ ಲಾಂಗ್‌ದಾಕ್‌ನಲ್ಲಿ ಮಾರ್ಸೆಲಾನ್ ಆಲ್ಬೇರ್ ಎಂಬ ಹಳ್ಳಿಯ ಹೋಟೆಲುಗಾರ, ಸ್ವತಃ ದ್ರಾಕ್ಷಿ ಬೆಳೆಗಾರ, ಆರಂಭಿಸಿದ ಚಳವಳಿ ಜೂನ್ 9ರಂದು ಮೋಂಪೆಲಿಯೆ ನಗರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿತು. ಪ್ರಧಾನಿ ಕ್ಲೆಮಾನ್ಸೊ ಸೈನ್ಯ ಕಳಿಸಿದರು. ನಾರ್ಬೊನ್‌ನಲ್ಲಿ ಗುಂಡಿಗೆ ಜನ ಬಲಿಯಾದರು. ಬೆಳೆಗಾರರ ಮಕ್ಕಳೇ ತುಂಬಿದ್ದ 17ನೇ ಪದಾತಿ ರೆಜಿಮೆಂಟಿನ ಸೈನಿಕರು ದಂಗೆಯೆದ್ದರು. ಅದೇ ತಿಂಗಳ ಕೊನೆಯಲ್ಲಿ ಕಲಬೆರಕೆ ವಿರುದ್ಧ ಕಾಯ್ದೆ ಬಂತು. 1911ರಲ್ಲಿ ಷಾಂಪೇನ್ ಪ್ರಾಂತ್ಯದಲ್ಲಿ, ಆ ಹೆಸರು ಯಾವ ಹಳ್ಳಿಗಳಿಗೆ ಸಲ್ಲಬೇಕು ಎಂಬ ಜಗಳ ಗಲಭೆಗೆ ತಿರುಗಿತು. ಕೊನೆಗೆ 1935ರ ಕಾಯ್ದೆ 'ನಿಯಂತ್ರಿತ ಮೂಲನಾಮ' ಪದ್ಧತಿಯನ್ನು ಸ್ಥಾಪಿಸಿತು. ರೈತರು ರಕ್ತ ಕೊಟ್ಟು ಪಡೆದ ರಕ್ಷಣೆ ಅದು.

ಆದರೆ ಹೆಸರಿನ ರಕ್ಷಣೆ ನಕಲಿಯನ್ನು ತಡೆಯುತ್ತದೆಯೇ ಹೊರತು ಗಿರಾಕಿಯನ್ನು ತಂದುಕೊಡುವುದಿಲ್ಲ. 'ಬೋರ್ಡೋ' ಎಂಬ ಸಾಮಾನ್ಯ ಹೆಸರನ್ನು ಹೊತ್ತ ವೈನ್ ಹೇರಳವಾಗಿದೆ. ಸಗಟು ವ್ಯಾಪಾರಿ ಕೊಡುವ ಬೆಲೆ ಎಷ್ಟೋ ಬಾರಿ ಬೆಳೆಗಾರನ ಖರ್ಚನ್ನೂ ತುಂಬುವುದಿಲ್ಲ. ಅತ್ತ ಬರ್ಗಂಡಿಯಲ್ಲಿ ಇದರ ತದ್ವಿರುದ್ಧ ಚಿತ್ರ. ಅಲ್ಲಿನ ಹೆಸರುಗಳು ವಿರಳ, ತೋಟಗಳು ಅಂಗೈಯಗಲ. 1804ರ ನೆಪೋಲಿಯನ್ ಸಂಹಿತೆ ಎಲ್ಲ ಮಕ್ಕಳಿಗೂ ಸಮಪಾಲು ಎಂದದ್ದರಿಂದ ತುಂಡಾಗುತ್ತ ಬಂದ ಭೂಮಿಯದು: ಕ್ಲೋ ದ ವೂಜೋ ಎಂಬ ಸುಮಾರು 50 ಹೆಕ್ಟೇರಿನ ಒಂದೇ ತೋಟಕ್ಕೆ ಎಂಬತ್ತರಷ್ಟು ಮಾಲೀಕರು. ನಮ್ಮ ಪಹಣಿಗಳಲ್ಲಿ ಗುಂಟೆಗಳ ಲೆಕ್ಕ ನೋಡಿ ಸುಸ್ತಾದವರಿಗೆ ಇದು ಅಚ್ಚರಿಯಲ್ಲ. ವ್ಯತ್ಯಾಸವೆಂದರೆ ಅಲ್ಲಿನ ಅತ್ಯುನ್ನತ ದರ್ಜೆಯ ತೋಟಗಳ ಬೆಲೆ ಹೆಕ್ಟೇರಿಗೆ ಹಲವು ದಶಲಕ್ಷ ಯೂರೊ. ಸಂಸಾರದ ಆದಾಯಕ್ಕೂ ಈ ಬೆಲೆಗೂ ಸಂಬಂಧವೇ ಇಲ್ಲ. ತಂದೆ ತೀರಿಕೊಂಡಾಗ ಉತ್ತರಾಧಿಕಾರ ತೆರಿಗೆಯನ್ನು ಲೆಕ್ಕಹಾಕುವುದು ಇದೇ ಮಾರುಕಟ್ಟೆ ಬೆಲೆಯ ಮೇಲೆ. ವಿನಾಯಿತಿಗಳುಂಟು, ಆದರೂ ಒಡಹುಟ್ಟಿದವರ ಪಾಲನ್ನು ಕೊಳ್ಳುವ ಶಕ್ತಿ ತೋಟದಲ್ಲಿ ಉಳಿದ ಮಗಳಿಗೋ ಮಗನಿಗೋ ಇರುವುದಿಲ್ಲ. ಕೊಳ್ಳುವವರು ಬೇರೆ ಇದ್ದಾರೆ. ಕ್ಲೋ ದೆ ಲಾಂಬ್ರೆ ತೋಟವನ್ನು 2014ರಲ್ಲಿ ಐಷಾರಾಮಿ ಸರಕುಗಳ ಸಂಸ್ಥೆ ಎಲ್‌ವಿಎಂಎಚ್ ಕೊಂಡಿತು. ಸುಮಾರು ಏಳೂವರೆ ಹೆಕ್ಟೇರಿನ ಕ್ಲೋ ದ ತಾರ್ 2017ರಲ್ಲಿ ಪಿನೋ ಕುಟುಂಬದ ಆರ್ಟೆಮಿಸ್ ಪಾಲಾಯಿತು.

ಹೆಸರು ಅಗ್ಗವಾದ ಕಡೆ ಸಣ್ಣ ರೈತ ಬದುಕಲಾರ. ದುಬಾರಿಯಾದ ಕಡೆ ಉಳಿಸಿಕೊಳ್ಳಲಾರ. ನಡುವೆ ನಿಂತವರು ಲ್ವಾರ್ ನದಿ ಸಮುದ್ರ ಸೇರುವೆಡೆ ಮಸ್ಕಡೆ ಎಂಬ ಬಿಳಿ ವೈನ್ ಮಾಡುವವರು, ಪೂರ್ವದ ಜುರಾ ಬೆಟ್ಟಗಳವರು, ಬೋಜೊಲೆಯ ಕೆಂಪು ವೈನಿನವರು. ತಾವೇ ಬೆಳೆದು, ತಾವೇ ಬಾಟಲಿ ತುಂಬಿ, ಊರಿನ ಹೆಸರಿನ ಜೊತೆಗೆ ತಮ್ಮ ಹೆಸರನ್ನೂ ಅಚ್ಚುಹಾಕಿ ಮಾರುವವರು ಇವರಲ್ಲಿ ಅನೇಕರು. ಇವರಿಗೆ ಪೆಟ್ಟು ಬೇರೆ ದಿಕ್ಕಿನಿಂದ. 2024ರ ಮಂಜುಹೊಡೆತ ಜುರಾದ ಫಸಲಿನ ಮೂರನೇ ಎರಡು ಭಾಗಕ್ಕೂ ಹೆಚ್ಚನ್ನು ನುಂಗಿತು. ಏರ್‌ಬಸ್ ವಿಮಾನದ ಸಬ್ಸಿಡಿ ಕುರಿತ ವ್ಯಾಜ್ಯದಲ್ಲಿ 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಶೇ 25ರ ಸುಂಕ ಹೇರಿದ್ದು ಇವರ ಬಾಟಲಿಗಳ ಮೇಲೂ; ಅದು ಅಮಾನತಾದದ್ದು 2021ರಲ್ಲಿ. 2025ರ ಮಾರ್ಚ್‌ನಲ್ಲಿ ಟ್ರಂಪ್ ಶೇ 200ರ ಬೆದರಿಕೆ ಹಾಕಿದರು, ಆಗಸ್ಟ್‌ನಲ್ಲಿ ಶೇ 15ರಷ್ಟು ಬಿತ್ತು. ದೊಡ್ಡ ಸಂಸ್ಥೆ ಗೋದಾಮಿನಲ್ಲಿ ಸರಕು ಪೇರಿಸಿ ಕಾಯಬಲ್ಲದು. ಆರು ಹೆಕ್ಟೇರಿನವನು ಎಷ್ಟು ದಿನ ಕಾದಾನು?

ಕಿತ್ತ ತೋಟದ ನಷ್ಟ ತೋಟಕ್ಕಷ್ಟೇ ಸೀಮಿತವಲ್ಲ. 2025ರ ಆಗಸ್ಟ್‌ನಲ್ಲಿ ಓಡ್ ಜಿಲ್ಲೆಯ ಕೋರ್ಬಿಯೇರ್ ಬೆಟ್ಟಗಳಲ್ಲಿ ಕಾಳ್ಗಿಚ್ಚು ಸುಮಾರು 16,000 ಹೆಕ್ಟೇರ್ ಆಹುತಿ ತೆಗೆದುಕೊಂಡಿತು. ಉತ್ತು ಹಸನಾಗಿಟ್ಟ ದ್ರಾಕ್ಷಿತೋಟ ಬೆಂಕಿಗೆ ಅಡ್ಡಗೋಡೆ. ಪಾಳುಬಿದ್ದ ನೆಲದ ಕುರುಚಲು ಅದಕ್ಕೆ ಉರುವಲು. ಪ್ಯಾರಿಸ್ಸಿನ ಕಡತದಲ್ಲಿ ಹೆಕ್ಟೇರಿಗೆ 4,000 ಯೂರೊ ಎಂದು ಬರೆಯುವಾಗ ಈ ಲೆಕ್ಕ ಸೇರಿರಲಿಲ್ಲ.

ಭಾರತಕ್ಕೂ ಇದರ ಎಳೆಯೊಂದು ತಾಗಿದೆ. ಐರೋಪ್ಯ ಒಕ್ಕೂಟದೊಡನೆ 2007ರಲ್ಲಿ ಶುರುವಾಗಿ ನಿಂತುಹೋಗಿದ್ದ ಮುಕ್ತ ವ್ಯಾಪಾರ ಮಾತುಕತೆ ಮುಗಿಯಿತೆಂದು 2026ರ ಜನವರಿಯಲ್ಲಿ ಘೋಷಿಸಲಾಯಿತು. ಒಪ್ಪಂದ ಜಾರಿಯಾದಾಗ ವೈನ್ ಮೇಲಿನ ಶೇ 150ರ ಆಮದು ಸುಂಕ ಮೊದಲು ಶೇ 75ಕ್ಕೆ, ಮುಂದೆ ಹಂತಹಂತವಾಗಿ ಇನ್ನೂ ಕೆಳಕ್ಕೆ ಇಳಿಯಬೇಕು. ಫ್ರೆಂಚ್ ರಫ್ತುದಾರರು ಹರ್ಷಿಸಿದ್ದು ಸಹಜ. ಆದರೆ ಮದ್ಯ ನಮ್ಮಲ್ಲಿ ರಾಜ್ಯಗಳ ವಿಷಯ. ರಾಜ್ಯ ರಾಜ್ಯಕ್ಕೂ ಪ್ರತ್ಯೇಕ ಅಬಕಾರಿ ದರ, ಪ್ರತಿ ಲೇಬಲ್‌ಗೂ ಪ್ರತ್ಯೇಕ ನೋಂದಣಿ, ಶುಲ್ಕ, ನವೀಕರಣ. ಸಾವಿರಾರು ಪೆಟ್ಟಿಗೆ ಕಳಿಸುವ ಸಂಸ್ಥೆಗೆ ಈ ಶುಲ್ಕ ಚಿಲ್ಲರೆ ಖರ್ಚು. ಒಂದೊಂದು ತೋಟದ ಇಪ್ಪತ್ತು ಮೂವತ್ತು ಪೆಟ್ಟಿಗೆ ತರಿಸುವ ಆಮದುದಾರನಿಗೆ ಬಾಟಲಿಯ ಬೆಲೆಯನ್ನೇ ಮೀರಬಹುದಾದ ಹೊರೆ. ದೆಹಲಿ ಇಳಿಸುವ ಸುಂಕದ ಲಾಭ ಬೆಂಗಳೂರಿನ ಅಂಗಡಿಯಲ್ಲಿ ಮೊದಲು ಕಾಣುವುದು ದೊಡ್ಡ ಸಂಸ್ಥೆಗಳ ಬಾಟಲಿಗಳ ಮೇಲೆ. ಮಸ್ಕಡೆಯ ಸಣ್ಣ ಬೆಳೆಗಾರನ ಬಿಳಿ ವೈನ್ ಇಲ್ಲಿಗೆ ಬರಬೇಕಾದರೆ ಬದಲಾಗಬೇಕಾದ ನಿಯಮ ಬ್ರಸೆಲ್ಸ್‌ನಲ್ಲಿಲ್ಲ, ನಮ್ಮ ರಾಜ್ಯಗಳ ಅಬಕಾರಿ ಇಲಾಖೆಗಳಲ್ಲಿದೆ. ಆ ಶುಲ್ಕದ ವರಮಾನ ಬಿಟ್ಟುಕೊಡುವ ಉತ್ಸಾಹ ಯಾವ ಹಣಕಾಸು ಕಾರ್ಯದರ್ಶಿಯಲ್ಲೂ ಕಾಣುವುದು ವಿರಳ.