ತೇರಿಗೆ ಟ್ರ್ಯಾಕ್ಟರ್ ಇಂಜಿನ್ ಕೂರಿಸ್ತೀರಾ?

1/6
ಕೆವಾಡಿಯಾ ರೈಲಿನ ರೀಲ್ ಎಲ್ರೂ ನೋಡಿರ್ತೀರ. 2023ರ ಅಕ್ಟೋಬರ್ 31ಕ್ಕೆ ಅಹಮದಾಬಾದ್–ಏಕತಾ ನಗರ ಮಧ್ಯೆ ಶುರುವಾದ ‘ಹೆರಿಟೇಜ್’ ರೈಲು. ಮುಂದೆ ಕಪ್ಪಗೆ ಉಗಿಬಂಡಿ ಥರ ಕಾಣೋದು ಉಗಿಬಂಡಿ ಅಲ್ಲ ಕಣ್ರೋ, ಕರೆಂಟಿನ ಇಂಜಿನ್ನಿಗೆ ಹಾಕಿರೋ ವೇಷ. ಪ್ರವಾಸಿಗರಿಗೆ ಖುಷಿ ಆಗುತ್ತೆ, ಆಗ್ಲಿ. ಅದನ್ನ ಪರಂಪರೆ ಅಂತ ಕರೆಯೋದಕ್ಕೆ ಮಾತ್ರ ನನ್ನ ತಕರಾರು. ಭೀಮನ ವೇಷ ಹಾಕಿದವನು ನಾಟಕ ಮುಗಿಯೋವರೆಗೆ ಭೀಮ. ಬೆಳಗ್ಗೆ ಅವನ ಕೈಲಿ ಬಂಡೆ ಎತ್ತಿಸೋಕೆ ಹೋಗ್ತೀವಾ?

2/6
ಹಾಗಾದ್ರೆ ಪರಂಪರೆ ಇರೋದು ಎಲ್ಲಿ? ನೀಲಗಿರಿ ರೈಲು ನೋಡಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿ.ಮೀ., 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಡಿದಾದ ಕಡೆ ಏರು 12 ಅಡಿಗೆ 1 ಅಡಿ. ಅಲ್ಲಿ ಬರೀ ಚಕ್ರ ಜಾರುತ್ತೆ. ಅದಕ್ಕೇ ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ಹಾಕಿ, ಇಂಜಿನ್ನಿಗೆ ಹಲ್ಲಿನ ಗಾಲಿ ಕೊಟ್ಟಿದ್ದಾರೆ. ಸ್ವಿಸ್ ಕಂಪನಿ ವಿಂಟರ್‌ಥುರ್‌ನಲ್ಲಿ ಮಾಡಿದ ಈ ‘ಎಕ್ಸ್’ ಇಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರ ತಿರುಗಿಸ್ತವೆ, ಇನ್ನೆರಡು ಹಲ್ಲಿನ ಗಾಲಿ ತಿರುಗಿಸ್ತವೆ. ಏರಿನಲ್ಲಿ ಮೊದಲ ಜೋಡಿ ಬಳಸಿಬಿಟ್ಟ ಉಗಿಯೇ ಎರಡನೇ ಜೋಡಿಗೆ ಹೋಗಿ ಮತ್ತೆ ದುಡಿಯುತ್ತೆ. ಒಂದೇ ಉಗಿಗೆ ಎರಡು ಸಲ ಕೆಲಸ! ಈ ಬುದ್ಧಿವಂತಿಕೆಯೇ ಪರಂಪರೆ. ಹೊರಗಿನ ಕಪ್ಪು ಬಣ್ಣ ಪೇಂಟ್ ಅಂಗಡೀಲಿ ಸಿಗುತ್ತೆ.

3/6
ಈಗ ಎದುರು ಗುಂಪು. “ಒಂದು ಬೋಲ್ಟೂ ಬದಲಾಯಿಸಬೇಡಿ, ಬದಲಾದ್ರೆ ಅದು ಮೂಲ ಇಂಜಿನ್ನೇ ಅಲ್ಲ” ಅನ್ನೋರು. ಇವರಿಗೆ ನನ್ನ ಉತ್ತರ: ನಮ್ಮ ಊರ ತೇರು ನೋಡಿ. ಗಾಲಿ ಸೀಳಿದ್ರೆ ಬಡಗಿ ಹೊಸದು ಮಾಡ್ತಾನೆ, ಅಚ್ಚು ಸವೆದ್ರೆ ಬದಲಾಯಿಸ್ತಾನೆ. ಅಳತೆ ಅದೇ, ಮರದ ಜಾತಿ ಅದೇ. ‘ಇದು ನಮ್ಮ ತೇರಲ್ಲ’ ಅಂತ ಯಾರಾದ್ರೂ ಬಾಳೆಹಣ್ಣು ಎಸೆಯೋದು ಬಿಟ್ಟಿದ್ದಾರಾ? ಉಗಿ ಇಂಜಿನ್ನೂ ಹಾಗೇ. ಬಾಯ್ಲರ್ ಒಳಗಿನ ಕೊಳವೆಗಳು ಸವೆದು ಹೋಗೋಕೇ ಹುಟ್ಟಿರೋವು, ಅವನ್ನ ಬದಲಾಯಿಸೋದು ಶೆಡ್ಡಿನ ಮಾಮೂಲಿ ಕೆಲಸ. ಹಳೇದು ಅನ್ನೋ ಪ್ರೀತಿಗೆ ತೂತು ಕೊಳವೆ ಇಟ್ಕೊಂಡು ಬೆಂಕಿ ಹಾಕಿದ್ರೆ ಸಾಯೋನು ಫೈರ್‌ಮನ್.
ತೇರನ್ನ ರಿಪೇರಿ ಮಾಡಿ. ಅದಕ್ಕೆ ಟ್ರ್ಯಾಕ್ಟರ್ ಇಂಜಿನ್ ಮಾತ್ರ ಕೂರಿಸಬೇಡಿ. ನನ್ನ ವಾದ ಇಷ್ಟೇ.

4/6
“ಹಾಗಾದ್ರೆ ಎಲ್ಲಾ ಹಳೇ ಇಂಜಿನ್ನೂ ಬಿಚ್ಚಿ ಓಡಿಸೋಣ” ಅಂತೀರಾ? ತಡೀರಿ. 1829ರ ಸ್ಟೀಫನ್‌ಸನ್ನರ ‘ರಾಕೆಟ್’ ಇಂಗ್ಲೆಂಡಿನಲ್ಲಿದೆ. ಅದು ದುಡಿಯೋ ಕಾಲದಲ್ಲೇ, ಒಂದೆರಡು ವರ್ಷದೊಳಗೆ ಸಿಲಿಂಡರುಗಳ ಓರೆಯನ್ನೇ ಬದಲಾಯಿಸಿದ್ರು. ಅದನ್ನ ಹೊಸದರ ಥರ ‘ಸರಿಮಾಡಿ’ಬಿಟ್ಟಿದ್ರೆ ಆ ಗುರುತುಗಳೆಲ್ಲ ಅಳಿಸಿಹೋಗ್ತಿದ್ವು. ಸರಿಮಾಡಲಿಲ್ಲ, ಹಾಗೇ ಇಟ್ರು. ಓಡೋದಕ್ಕೆ 1979ರಲ್ಲಿ ಬೇರೆ ಪ್ರತಿಕೃತಿ ಮಾಡಿದ್ರು. ಅದೇ 1979ರಲ್ಲಿ ನಮ್ಮ ಮೈಸೂರಿನ ರೈಲು ಮ್ಯೂಸಿಯಂ ಶುರುವಾಯ್ತು. ಅಲ್ಲಿನ ಇಎಸ್ 506 ಥರದ ಇಂಜಿನ್ ನಿಂತಿರಲಿ, ಅದು ಪುಸ್ತಕ ಇದ್ದ ಹಾಗೆ. ಆದ್ರೆ ನಿಂತಿರೋದು ಅಂದ್ರೆ ಮಳೇಲಿ ಬಿಟ್ಟು ವರ್ಷಕ್ಕೊಂದು ಕೋಟ್ ಬಣ್ಣ ಬಳಿಯೋದಲ್ಲ. ಯಾವ ಹಳೇ ಇಂಜಿನ್ನೇ ಆಗ್ಲಿ, ತುಕ್ಕಿನ ಮೇಲೆ ಬಳಿದ ಬಣ್ಣ ತುಕ್ಕನ್ನ ನಿಲ್ಲಿಸಲ್ಲ, ನಮ್ಮ ಕಣ್ಣಿಗೆ ಮುಚ್ಚುತ್ತೆ ಅಷ್ಟೇ.

ಲೆಕ್ಕ ಸುಲಭ: ಒಂದೇ ಉಳಿದಿದ್ರೆ ಮುಟ್ಟಬೇಡಿ, ನೆರಳಲ್ಲಿಡಿ. ಅದೇ ನಮೂನೆಯವು ಹಲವು ಇದ್ದು ಇನ್ನೂ ದುಡೀತಿದ್ರೆ ಮೂಲ ನಕ್ಷೆ ಹಿಡಿದು ರಿಪೇರಿ ಮಾಡಿ, ಓಡಿಸಿ.

5/6
“ನೀಲಗಿರಿಯಲ್ಲೇ ಕಲ್ಲಿದ್ದಲು ಬಿಟ್ಟು ಎಣ್ಣೆ ಹಾಕಿದ್ರಲ್ಲಾ, ಆಗ ನಿನ್ನ ಮೂಲ ವಿನ್ಯಾಸ ಎಲ್ಲಿ ಹೋಯ್ತು?” ಒಳ್ಳೇ ಪ್ರಶ್ನೆ. ಬದಲಾಯಿಸಿದ್ದು ಬೆಂಕಿ ಉರಿಸೋ ರೀತಿ. ಸಿಲಿಂಡರ್, ಹಲ್ಲಿನ ಗಾಲಿ, ಉಗಿಯ ದಾರಿ ಹಾಗೇ ಉಳೀತು. ಕಾಡಿನ ಮಧ್ಯೆ ಕಿಡಿ ಹಾರೋ ಭಯಾನೂ ಸುಳ್ಳಲ್ಲ. ಮುಖ್ಯವಾದದ್ದು ಇದು: 2021ರಲ್ಲಿ ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆ ಅದೇ ಎಕ್ಸ್ ನಮೂನೆಯಲ್ಲಿ ಕಲ್ಲಿದ್ದಲಿನ ಹೊಸ ಇಂಜಿನ್ನೇ ಕಟ್ಟಿ ಹೊರಗೆ ಬಿಡ್ತು. ಅಂದ್ರೆ ವಾಪಸ್ ಹೋಗೋ ದಾರಿ ಮುಚ್ಚಿರಲಿಲ್ಲ. ಬದಲಾವಣೆಗೆ ನನ್ನ ಷರತ್ತು ಎರಡೇ: ವಾಪಸ್ ಮಾಡೋ ಹಾಗಿರಬೇಕು, ಏನು ಬದಲಾಯಿಸಿದ್ರಿ ಅಂತ ಬರೆದಿಡಬೇಕು.

6/6
“ಮಿಡಿಗೇಶೀಲಿ ಕೂತ್ಕೊಂಡು ನಿನಗ್ಯಾಕೋ ಇದು, ಇಲ್ಲಿ ರೈಲೇ ಇಲ್ಲ” ಅಂತ ಕಾಮೆಂಟ್ ಹಾಕೋರಿಗೆ ಮೊದಲೇ ಹೇಳ್ತೀನಿ. ರಾಯದುರ್ಗ–ತುಮಕೂರು ಮಾರ್ಗ ಪಾವಗಡ, ಮಧುಗಿರಿ, ಕೊರಟಗೆರೆ ಕಡೆಯಿಂದಲೇ ಹೋಗೋದು. ನಾಳೆ ಯಾವುದೋ ಸ್ಟೇಷನ್ ಮುಂದೆ ಹಳೇ ಇಂಜಿನ್ ತಂದು ನಿಲ್ಲಿಸಿ, ಮಿರಿಮಿರಿ ಬಣ್ಣ ಬಳಿದು ‘ಐ ಲವ್’ ಬೋರ್ಡ್ ಹಾಕಿದ್ರೆ ಸೆಲ್ಫಿ ತೆಗೆಯೋರು ನಾವೇ. ಆಗ ಸೆಲ್ಫಿಗೆ ಮುಂಚೆ ಮೂರು ಪ್ರಶ್ನೆ ಕೇಳಿ: ಇದು ಯಾವ ವರ್ಷದ್ದು? ಏನೇನು ಬದಲಾಯಿಸಿದ್ದೀರಿ? ತೆಗೆದ ಭಾಗ ಎಲ್ಲಿಟ್ಟಿದ್ದೀರಿ?

ಇನ್ನೊಂದು ಮಾತು, ಐಟಿಐ ಡಿಪ್ಲೊಮಾ ಮಾಡ್ತಿರೋ ನನ್ನ ಕ್ಲಾಸ್‌ಮೇಟ್‌ಗಳಿಗೆ. ದೇಶದ ಬ್ರಾಡ್‌ಗೇಜ್‌ನಲ್ಲಿ ಮಾಮೂಲಿ ಉಗಿ ರೈಲು ನಿಂತಿದ್ದು 1995ರಲ್ಲಿ. ಅವತ್ತು 25 ವರ್ಷದ ಫಿಟ್ಟರ್ ಆಗಿದ್ದವರಿಗೆ ಈಗ 50 ದಾಟಿದೆ, ಹಿರಿಯರೆಲ್ಲ ರಿಟೈರ್ ಆಗಿದ್ದಾರೆ. ಬಾಯ್ಲರ್ ಸದ್ದು ಕೇಳಿಯೇ ರೋಗ ಹೇಳೋ ಕಿವಿ ಯಾವ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲೂ ಉಳಿಯಲ್ಲ. ಪಕ್ಕದಲ್ಲಿ ನಿಂತು, ಕೈ ಕಪ್ಪು ಮಾಡ್ಕೊಂಡು ಕಲಿತ್ರೆ ಮಾತ್ರ ಉಳಿಯುತ್ತೆ. ವೇಷ ಹಾಕಿದ ಇಂಜಿನ್ನಿಗೆ ಅಂಥ ಕೈ ಬೇಕಾಗಲ್ಲ. ನನ್ನ ಸಿಟ್ಟಿಗೆ ಅದೇ ದೊಡ್ಡ ಕಾರಣ.

ಒಪ್ಪದಿದ್ರೆ ಕೆಳಗೆ ಬರೀರಿ, ಜಗಳ ಆಡೋಣ. ಬರೀ ಎಮೋಜಿ ಹಾಕಿದ್ರೆ ಲೆಕ್ಕಕ್ಕಿಲ್ಲ.

#ಉಗಿಬಂಡಿ #ನೀಲಗಿರಿರೈಲು #ಮೈಸೂರುರೈಲುಮ್ಯೂಸಿಯಂ #ಮಿಡಿಗೇಶಿ #ಮಧುಗಿರಿ