ಮಲ್ಲಯ್ಯನ ದಾರಿಗೆ ಪಾದಗಳೂ ಸಿದ್ಧವಾಗಲಿ

ಯುಗಾದಿ ಸಮೀಪಿಸಿತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಜಿಲ್ಲೆಗಳ ರಸ್ತೆಗಳಲ್ಲಿ ಶ್ರೀಶೈಲದತ್ತ ಸಾಗುವ ಪಾದಯಾತ್ರಿಗಳ ಸಾಲು ಕಾಣತೊಡಗುತ್ತದೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಮೊಮ್ಮಕ್ಕಳೊಡನೆ ಹೊರಟ ಹಿರಿಯರು ಎಲ್ಲರೂ ಆ ಸಾಲಿನಲ್ಲಿರುತ್ತಾರೆ. ದಾರಿಯ ಊರುಗಳಲ್ಲಿ ಅವರಿಗಾಗಿ ಅನ್ನ, ಮಜ್ಜಿಗೆಗಳ ದಾಸೋಹ ನಡೆಯುತ್ತದೆ. ಅಂತಹ ಒಂದು ದಾಸೋಹದ ಪೆಂಡಾಲಿನಲ್ಲಿ ಕೆಲವು ವರ್ಷಗಳಿಂದ ಯಾತ್ರಿಕರ ಪಾದಗಳಿಗೆ ಔಷಧಿ ಹಚ್ಚುವ ಸೇವೆ ನನ್ನ ಪಾಲಿಗೆ ಬಂದಿದೆ. ಬೊಬ್ಬೆಯೆದ್ದ ಕಾಲುಗಳನ್ನು ಕಂಡು “ಮೊದಲು ಸ್ವಲ್ಪ ನಡೆದು ರೂಢಿ ಮಾಡಿಕೊಂಡಿದ್ದಿರಾ?” ಎಂದು ಕೇಳಿದರೆ ಬರುವ ಉತ್ತರ ಒಂದೇ: “ಮಲ್ಲಯ್ಯ ನಡಸ್ತಾನ್ರೀ, ಡಾಕ್ಟರ್‌ರ.”

ಆ ನಂಬಿಕೆಗೆ ನಾನು ತಲೆಬಾಗುತ್ತೇನೆ. ಆದರೆ ವರ್ಷವಿಡೀ ಅಂಗಡಿಯಲ್ಲೋ ಕಚೇರಿಯಲ್ಲೋ ಕುಳಿತ ದೇಹವನ್ನು ಒಮ್ಮೆಲೇ ಎಬ್ಬಿಸಿ, ಬೇಸಿಗೆಯ ಬಿಸಿಲಿನಲ್ಲಿ ದಿನಕ್ಕೆ 30 ಕಿ.ಮೀ. ನಡೆ ಎನ್ನುವುದನ್ನು ಭಕ್ತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಪೂಜೆಗೆ ಮುನ್ನ ಮಡಿಯಾಗುವ ನಾವು ಯಾತ್ರೆಗೆ ಮುನ್ನ ದೇಹವನ್ನು ಅಣಿಗೊಳಿಸಬಾರದೇಕೆ?

ಸಿದ್ಧತೆಗೆ ಎರಡು ತಿಂಗಳು ಬೇಕು. ದಿನಕ್ಕೆ 4–5 ಕಿ.ಮೀ. ನಡಿಗೆಯಿಂದ ಆರಂಭಿಸಿ ವಾರವಾರಕ್ಕೂ ಹೆಚ್ಚಿಸುತ್ತ ಹೋಗಬೇಕು. ವಾರಕ್ಕೊಂದು ದಿನ ದೀರ್ಘವಾಗಿ ನಡೆಯಬೇಕು, ಅದೂ ಯಾತ್ರೆಯಲ್ಲಿ ಧರಿಸುವ ಶೂಗಳನ್ನೇ ಧರಿಸಿ, ಹೊರುವ ಚೀಲವನ್ನೇ ಹೊತ್ತು. ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕಾಗುವುದರಿಂದ ಹೊರಡುವ ಮುನ್ನಿನ ಹದಿನೈದು ದಿನ ಎಳೆಬಿಸಿಲಿನಲ್ಲಿಯೂ ಸ್ವಲ್ಪ ಹೊತ್ತು ನಡೆಯುವುದು ಲೇಸು.

ಶೂ ವಿಷಯದಲ್ಲಿ ನಾನೇ ಪಾಠ ಕಲಿತವನು. ಮೊದಲ ಯಾತ್ರೆಗೆ ಹಿಂದಿನ ದಿನವಷ್ಟೇ ಹೊಸ ಶೂ ಕೊಂಡಿದ್ದೆ. ಎರಡನೆಯ ದಿನ ಅದನ್ನು ಕೈಯಲ್ಲಿ ಹಿಡಿದು ಚಪ್ಪಲಿಯಲ್ಲಿ ಕುಂಟುತ್ತ ನಡೆದೆ. ನಡೆದಂತೆಲ್ಲ ಪಾದ ಊದಿಕೊಳ್ಳುವುದರಿಂದ ಶೂಗಳನ್ನು ಸಂಜೆಯ ವೇಳೆ ಕೊಳ್ಳಬೇಕು. ಬೆರಳುಗಳ ಮುಂದೆ ಹೆಬ್ಬೆರಳಿನಗಲದಷ್ಟು ಜಾಗ ಉಳಿಯಬೇಕು. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದ ಚರ್ಮ ಬೇಗನೆ ಉಜ್ಜಿಹೋಗುತ್ತದೆ. ಕ್ರೀಡಾಪಟುಗಳು ಧರಿಸುವ ಬೇಗ ಒಣಗುವ ಕಾಲುಚೀಲಗಳು ಮೇಲು. ಎಲ್ಲಿಯಾದರೂ ಉರಿ ಕಾಣಿಸಿಕೊಂಡರೆ ಮುಂದಿನ ಊರಿನವರೆಗೆ ಸಹಿಸದೆ ಅಲ್ಲಿಯೇ ಕುಳಿತು ಆ ಜಾಗಕ್ಕೆ ಪಟ್ಟಿ ಅಂಟಿಸಬೇಕು. ಬೊಬ್ಬೆ ಎದ್ದರೆ ಮೇಲಿನ ಚರ್ಮವನ್ನು ಕಿತ್ತೆಸೆಯಬಾರದು. ಗಾಯಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಬೇರೆ ಇಲ್ಲ.

ಇನ್ನು ಬರಿಗಾಲಿನ ಹರಕೆ. ಈ ಮಾತಿಗೆ ಕೆಲವರು ಬೇಸರಪಟ್ಟಾರು, ಆದರೂ ಹೇಳಲೇಬೇಕು. ಬಹುಕಾಲದ ಮಧುಮೇಹವುಳ್ಳವರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಒಮ್ಮೆ ನಮ್ಮ ಪೆಂಡಾಲಿಗೆ ಬಂದ ಹಿರಿಯರೊಬ್ಬರ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕುಳಿತಿತ್ತು, ಸುತ್ತಲೂ ಕೀವು ತುಂಬಿತ್ತು. ಅವರಿಗೆ ನೋವೇ ಇರಲಿಲ್ಲ. ಮೊಮ್ಮಗ ತೋರಿಸಿದ ಮೇಲೆಯೇ ತಿಳಿದದ್ದು. ಇಂತಹ ಗಾಯ ಬೆರಳನ್ನೋ ಪಾದವನ್ನೋ ಬಲಿ ಕೇಳಬಹುದು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಲೇಬಾರದು. ಹರಕೆ ಹೊತ್ತವರು ತಮ್ಮ ಗುರುಗಳಲ್ಲಿ ಇದನ್ನು ಅರಿಕೆ ಮಾಡಿಕೊಳ್ಳಲಿ. ನಡಿಗೆಯಿಂದ ರಕ್ತದ ಸಕ್ಕರೆ ಏಕಾಏಕಿ ಇಳಿಯಬಹುದಾದ್ದರಿಂದ ಇನ್ಸುಲಿನ್, ಮಾತ್ರೆಗಳ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡು, ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಳ್ಳಬೇಕು. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರೂ ವೈದ್ಯರ ಸಲಹೆ ಪಡೆದೇ ಹೊರಡಲಿ.

ಚೀಲದ ಭಾರ ನಮ್ಮ ತೂಕದ ಹತ್ತನೆಯ ಒಂದು ಭಾಗವನ್ನು ಮೀರದಿದ್ದರೆ ಸಾಕು. ಒಂದೇ ಹೆಗಲಿನ ಚೀಲಕ್ಕಿಂತ ಬೆನ್ನಿಗೆ ಹಾಕುವ, ಸೊಂಟಪಟ್ಟಿಯಿರುವ ಚೀಲ ಉತ್ತಮ. ಭಾರವಾದ ವಸ್ತುಗಳು ಬೆನ್ನಿಗೆ ಹತ್ತಿಕೊಂಡಿರಲಿ. ಒಂದು ಜೊತೆ ಬಟ್ಟೆ, ಹೊದಿಕೆ, ಟಾರ್ಚ್, ಸೀಟಿ, ನಿತ್ಯದ ಔಷಧಿ, ಪಟ್ಟಿ, ಓ.ಆರ್.ಎಸ್. ಪೊಟ್ಟಣಗಳು, ಎರಡು ಲೀಟರ್ ನೀರು, ಇಷ್ಟೇ. ಮೂರು ಸೀರೆ, ಡಬ್ಬಿತುಂಬ ಉಂಡೆ ಹೊತ್ತು ಬರುವ ತಾಯಂದಿರಿಗೆ ನಾನು ಎಷ್ಟು ಹೇಳಿದರೂ ಸಾಲದು! ಡಾಂಬರು ರಸ್ತೆಯಲ್ಲಿ ನಸುಕಿನಲ್ಲಿ ನಡೆಯುವವರು ಚೀಲದ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿಕೊಂಡು, ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯಲ್ಲಿ ಸಾಗಬೇಕು.

ಆತ್ಮಕೂರು, ವೆಂಕಟಾಪುರ ದಾಟಿ ನಾಗಲೂಟಿಯ ಹಾದಿ ಹಿಡಿದ ಮೇಲೆ ಯಾತ್ರೆಯ ಸ್ವರೂಪವೇ ಬದಲಾಗುತ್ತದೆ. ಅದು ನಲ್ಲಮಲದ ಕಾಡು, ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಒಂಟಿಯಾಗಿ, ಕತ್ತಲಲ್ಲಿ ನಡೆಯುವುದು ಬೇಡ. ಮೊಬೈಲನ್ನೂ ನೆಚ್ಚುವಂತಿಲ್ಲ. ಭೀಮನಕೊಳ್ಳದ ಇಳಿಜಾರಿನಲ್ಲಿ ಮೊಣಕಾಲಿನ ಭಾರವನ್ನು ಊರುಗೋಲು ಹಂಚಿಕೊಳ್ಳುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗವಾಗಬೇಕು. ಕಟ್ಟಕಡೆಯಲ್ಲಿ ಅನುಭವಿಯೊಬ್ಬರು ಇರಬೇಕು.

ಕಾಡಿನಲ್ಲಿ ದಾಸೋಹದ ನೀರು ಸಿಕ್ಕೇ ಸಿಗುವುದೆಂದು ಖಾಲಿ ಬಾಟಲಿ ಹಿಡಿದು ನಡೆಯಬಾರದು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ವಿಪರೀತ ಕುಡಿಯುವುದೂ ಅಪಾಯ. ಓ.ಆರ್.ಎಸ್. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಿ. ಬಿಸಿಲೇರಿದ ಮೇಲೆ ಇಳಿಹೊತ್ತಿನವರೆಗೆ ನೆರಳಿನಲ್ಲಿ ವಿಶ್ರಮಿಸಿ. ಜೊತೆಯವರೊಬ್ಬರು ತೊದಲುತ್ತ, ಗೊಂದಲದ ಮಾತನಾಡುತ್ತ ತೂರಾಡಿದರೆ, ಮೈ ಕಾದ ಹೆಂಚಿನಂತಿದ್ದರೆ, ಅದು ಆಯಾಸವಲ್ಲ, ಬಿಸಿಲಾಘಾತ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಆಸ್ಪತ್ರೆಗೆ ಸಾಗಿಸುವವರೆಗೂ ತಂಪು ಮಾಡುವುದನ್ನು ನಿಲ್ಲಿಸುವಂತಿಲ್ಲ. ಇಲ್ಲಿ ನಿಮಿಷಗಳ ಮೇಲೆ ಪ್ರಾಣ ನಿಂತಿರುತ್ತದೆ.

ಮುಂದೆ ನಡೆಯಲಾರೆ ಎನಿಸಿದವರು ಕಾಡು ಹೊಗುವ ಮುನ್ನವೇ ನಿರ್ಧರಿಸಬೇಕು. ಆತ್ಮಕೂರಿನಿಂದ ದೋರ್ನಾಲದ ಮೂಲಕ ರಸ್ತೆಯಿದೆ. ಮುಳ್ಳು ತುಳಿದ ಆ ಹಿರಿಯರನ್ನು ಒಪ್ಪಿಸಲು ನಮಗೆ ಒಂದು ಗಂಟೆ ಹಿಡಿಯಿತು. ಕೊನೆಗೆ ಆಸ್ಪತ್ರೆಗೆ ಹೋದರು, ಗಾಯ ಶುದ್ಧಿ ಮಾಡಿಸಿಕೊಂಡು ಮೊಮ್ಮಗನೊಡನೆ ಬಸ್ಸಿನಲ್ಲಿ ಶ್ರೀಶೈಲ ತಲುಪಿದರು. ಮರುವರ್ಷ ಅದೇ ಪೆಂಡಾಲಿಗೆ ಬಂದು, ಕಾಲು ಮುಂದೆ ಚಾಚಿ ಶೂ ತೋರಿಸಿ, “ಈ ಸಲ ಮಜ್ಜಿಗಿ ಅಷ್ಟ ಕೊಡ್ರಿ ಸಾಕು” ಎಂದರು.