ಸದ್ದಿಲ್ಲದೆ ಬರುವ ವಿಪತ್ತು

ನೆರೆ ಬಂದರೆ ಗಂಜಿ ಕೇಂದ್ರ ತೆರೆಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾಡಿನ ಮೂಲೆಮೂಲೆಗಳಿಂದ ಅಕ್ಕಿ, ಕಂಬಳಿ, ಬಟ್ಟೆಬರೆ ಹರಿದುಹೋದದ್ದನ್ನು ಭಕ್ತಾದಿಗಳು ಮರೆತಿರಲಾರರು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಒದಗುವ ವಿಪತ್ತು ಆ ಬಗೆಯದಲ್ಲ. ಅದಕ್ಕೆ ಸದ್ದಿಲ್ಲ, ದಿನಾಂಕವಿಲ್ಲ, ಪತ್ರಿಕೆಯಲ್ಲಿ ಅಚ್ಚಾಗುವ ಚಿತ್ರವೂ ಇಲ್ಲ. ಆದ್ದರಿಂದಲೇ ಅದಕ್ಕೆ ಪರಿಹಾರ ಕೇಂದ್ರವೂ ಇಲ್ಲ.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಹಬ್ಬಿತು. ಅನಂತರ ಬರಗಾಲದ ಮೇಲೆ ಬರಗಾಲ, ಬತ್ತಿದ ಕೊಳವೆಬಾವಿ, ಗರಿ ತಿನ್ನುವ ಕಪ್ಪುತಲೆ ಹುಳು, ಇತ್ತೀಚೆಗೆ ಬಿಳಿನೊಣ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಬೆಲೆ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಉಂಡೆ ಕೊಬ್ಬರಿಯ ಕಾಯಿ ಅಟ್ಟದ ಮೇಲೆ ಹತ್ತಾರು ತಿಂಗಳು ಒಣಗಬೇಕು. ಇಂದು ಕಿತ್ತ ಕಾಯಿಯ ಹಣ ಬರುವುದು ಬರುವ ವರ್ಷ. ಹಾಗೆಯೇ ಇಂದಿನ ಬರದ ಪೆಟ್ಟು ಮನೆಗೆ ತಟ್ಟುವುದೂ ಬರುವ ವರ್ಷವೇ, ಮಳೆ ಬಂದು, ಊರೆಲ್ಲ ಬರವನ್ನು ಮರೆತ ಮೇಲೆ. ಸತ್ತ ಮರದ ಜಾಗದಲ್ಲಿ ಹೊಸ ಸಸಿ ನೆಟ್ಟರೆ ಫಲಕ್ಕೆ ಮತ್ತೆ ಆರೇಳು ವರ್ಷ. ಅಷ್ಟು ಕಾಲ ಆ ಮನೆಯ ಯಜಮಾನನ ಮನಸ್ಸು ಏನಾಗಿರುತ್ತದೆ ಎಂದು ಕೇಳಿದವರು ಯಾರು? ಅಧಿಕಾರಿಗಳು ಬಂದು ಮರ ಎಣಿಸಿದರು, ಎಕರೆ ಬರೆದುಕೊಂಡರು. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವ ಅಂಕಣ ಆ ಅರ್ಜಿಯಲ್ಲಿ ಇರಲಿಲ್ಲ.

ವೈದ್ಯರಾದ ನಮ್ಮ ಬಳಿಗೆ ಈ ದುಃಖ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. "ಗ್ಯಾಸ್ ಟ್ರಬಲ್ಲು ಸ್ವಾಮಿ, ಒಂದು ಚೂರ್ಣ ಕೊಡಿ" ಎಂದು ಬರುತ್ತದೆ. ಎದೆಯುರಿ, ತಲೆಭಾರ, ಅರುಚಿ, ನಡುರಾತ್ರಿಯ ಎಚ್ಚರ. ಹೆಂಗಸರಲ್ಲಿ ಸೊಂಟನೋವು, ಕೈಕಾಲು ಸೆಳೆತ. ಸಂಘದ ವಾರದ ಕಂತಿಗೆ ಹಣ ಹೊಂದಿಸುವವರು ಬಹುಪಾಲು ಅವರೇ ಆದರೂ, ರೈತನ ಸಂಕಟದ ಮಾತು ಬಂದಾಗ ಅವರು ಲೆಕ್ಕಕ್ಕೇ ಬರುವುದಿಲ್ಲ. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ವಿಷಾದವೇ ಮೊದಲನೆಯದೆಂದು ಚರಕರು ಎಣಿಸಿದ್ದಾರೆ. ಚಿಕಿತ್ಸೆಯ ಮೂರು ಬಗೆಗಳಲ್ಲಿ ಮನಸ್ಸನ್ನು ಅಹಿತದಿಂದ ಹಿಂದೆಗೆಯುವ ಸತ್ತ್ವಾವಜಯವೂ ಒಂದು. ಹಾಗೆಂದು ಅಶ್ವಗಂಧದ ಡಬ್ಬಿಯೊಂದರಿಂದ ಎಲ್ಲವೂ ನೀಗುತ್ತದೆ ಎಂದು ಹೇಳುವ ಸ್ವಪದ್ಧತಿಯ ಮಿತ್ರರನ್ನು ನಾವು ಒಪ್ಪುವುದಿಲ್ಲ. ಬದುಕೇ ಬೇಡವೆನ್ನುವ ಹಂತ ತಲುಪಿದವರಿಗೆ ಮನೋವೈದ್ಯರ ಔಷಧ ಬೇಕು. ಅದಕ್ಕೆ ಸಂಕೋಚ ಸಲ್ಲದು.

ಆದರೆ ಎಲ್ಲರಿಗೂ ಮನೋವೈದ್ಯರೇ ಬೇಕೆಂದಿಲ್ಲ. ಇದನ್ನು ತೋರಿಸಿಕೊಟ್ಟವರಲ್ಲಿ ನಮ್ಮ ರಾಜ್ಯದ ನಿಮ್ಹಾನ್ಸ್ ಸಂಸ್ಥೆ ಮುಖ್ಯವಾದುದು. 1984ರ ಭೋಪಾಲ್ ದುರಂತದ ನಂತರ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ದೊರೆಯಿತು. 2004ರ ಸುನಾಮಿಯ ನಂತರ ಕರಾವಳಿಯ ಊರಿನವರೇ ಆದ ಕಾರ್ಯಕರ್ತರು ಮನೆಮನೆಗೆ ಹೋಗಿ ನೊಂದವರ ಮಾತು ಕೇಳಿದರು. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಲ್ಲಿಯೂ ಕೆಲಸ ಮಾಡಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಸಿಬ್ಬಂದಿ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಶ್ರೀಮಠದ ದಾಸೋಹದ ಅರ್ಥವನ್ನು ಅನ್ನದಿಂದಾಚೆಗೂ ವಿಸ್ತರಿಸಬೇಕು. ಹಳ್ಳಿಗೆ ಇಬ್ಬರಂತೆ, ಅವರಲ್ಲಿ ಒಬ್ಬರು ತಾಯಂದಿರು, ಕೆಲವು ದಿನಗಳ ತರಬೇತಿ ಪಡೆಯಲಿ. ತೋಟ ಒಣಗಿದ ಮನೆಗೆ, ಸಾಲಗಾರರು ಬಂದುಹೋದ ಮನೆಗೆ, ಸಾವಾದ ಮನೆಗೆ ಅವರು ಒಮ್ಮೆಯಲ್ಲ, ಮತ್ತೆ ಮತ್ತೆ ಹೋಗಲಿ. ಹನ್ನೊಂದನೆಯ ದಿನದವರೆಗೆ ಬಂಧುಗಳು ತುಂಬಿರುತ್ತಾರೆ. ಮೂರನೆಯ ತಿಂಗಳಲ್ಲಿ ಅಂಗಳ ಬರಿದಾಗಿರುತ್ತದೆ. ಹೋಗಬೇಕಾದದ್ದು ಆಗ. "ಧೈರ್ಯವಾಗಿರಿ, ಎಲ್ಲ ಶಿವನಿಚ್ಛೆ" ಎಂದು ಹೇಳಿ ಎದ್ದುಬರುವುದು ಸುಲಭ. ಕುಳಿತು ಕೇಳುವುದೇ ಕಷ್ಟ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಬಹಳ ಮಂದಿ, ಅಂತೂ ಯಾರೋ ಕೇಳಿದರಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯಂತೆ ಕಾಣುವ ಕಾಲವೂ ಮುಗಿದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ಇನ್ನೊಂದು ಕೆಲಸ ಮನೆಯೊಳಗಿನದು. ತೆಂಗಿನ ಬೇರಿಗೆ ಕಟ್ಟಲು ತಂದ ಕೀಟನಾಶಕದಲ್ಲಿ ಉಳಿದದ್ದು ಅಡುಗೆಮನೆಯ ಗೂಡಿನಲ್ಲೋ ಅಟ್ಟದ ಮೂಲೆಯಲ್ಲೋ ಇರುತ್ತದೆ. ಅದು ಮನೆಯಲ್ಲಿರಕೂಡದು, ತೋಟದಲ್ಲಿ, ಬೀಗದೊಳಗೆ, ಸಾಧ್ಯವಾದರೆ ಬೇರೊಬ್ಬರ ವಶದಲ್ಲಿರಲಿ. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಮುಂದಿನ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ದುಡುಕಿನ ಆ ಗಳಿಗೆ ಸಾಮಾನ್ಯವಾಗಿ ಚಿಕ್ಕದು. ಅದು ದಾಟಿದರೆ ಜೀವ ಉಳಿಯುತ್ತದೆ.

2025ರಲ್ಲಿ ಕೊಬ್ಬರಿ ಬೆಲೆ ಬಹಳ ಮೇಲೇರಿತಲ್ಲ, ಈಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ಮರವೇ ಹೋದವನಿಗೆ ಬೆಲೆ ಏರಿದರೇನು? ಪಕ್ಕದ ತೋಟದವರು ಕೊಬ್ಬರಿ ತುಂಬಿದ ಗಾಡಿ ಹೊರಡಿಸುವಾಗ ಅವನ ಒಳಗಿನ ಉರಿ ಇಮ್ಮಡಿಸುತ್ತದೆ. ಅಲ್ಲದೆ, ಕೈಯಲ್ಲಿ ನಾಲ್ಕು ಕಾಸಿರುವಾಗಲೇ ಇಂಥ ವ್ಯವಸ್ಥೆ ಕಟ್ಟಲು ಸಾಧ್ಯ.

ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಪ್ರತಿ ಹಳ್ಳಿಯವರೂ ವಿಚಾರಿಸಿ ಬರೆದಿಟ್ಟುಕೊಳ್ಳಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹಾಲಿನ ಡೈರಿಯ ಗೋಡೆಯ ಮೇಲೆ, ಎಲ್ಲರೂ ಬೆಳಗ್ಗೆ ಸಂಜೆ ಸಾಲು ನಿಲ್ಲುವ ಕಡೆ, ಈ ಐದು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆಸುವ ಕೆಲಸವನ್ನು ಯುವಕರು ಈ ತಿಂಗಳೇ ಮಾಡಬಹುದು.